ಚಿಕ್ಕಪ್ಪನ ಸೆಕೆ

ಮಾಗಿಯ ಬೆಳಗಿನಲ್ಲಿ ಮೈಸೂರೆಲ್ಲ ಮಫ್ಲರ್ ಸುತ್ತಿಕೊಂಡು ಓಡಾಡುತ್ತಿದ್ದರೆ ನಮ್ಮ ಚಿಕ್ಕಪ್ಪ ಮಾತ್ರ ಪಂಚೆಯ ಚುಂಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಪ್ರಾಸ್ಟೇಟ್ ಕ್ಯಾನ್ಸರಿಗೆಂದು ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದ ಹಾರ್ಮೋನ್ ಇಂಜೆಕ್ಷನ್ನಿನ ಪ್ರಸಾದ ಅದು. ಪುರುಷ ಹಾರ್ಮೋನನ್ನು ತಡೆದರೆ ಈ ಗಡ್ಡೆ ಸೊರಗುತ್ತದೆಂದು ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು 1941ರಲ್ಲೇ ತೋರಿಸಿ, 1966ರಲ್ಲಿ ನೊಬೆಲ್ ಪಡೆದರು. ಗಡ್ಡೆಯೇನೋ ಸೊರಗಿತು. ಆದರೆ ಮೈಯ ಬಿಸಿಯನ್ನು ಹದದಲ್ಲಿಡುವ ಮಿದುಳಿನ ಮೂಲೆಗೆ ದಿಕ್ಕು ತಪ್ಪಿ, ಹೊತ್ತಲ್ಲದ ಹೊತ್ತಿನಲ್ಲಿ ಎದೆಯಿಂದ ನೆತ್ತಿಗೆ ಝಳ ಏರುತ್ತಿತ್ತು.

ಕ್ಯಾನ್ಸರ್ ಡಾಕ್ಟರು "ಇಂಜೆಕ್ಷನ್ ಬಿಡಬೇಡಿ, ಬೇಕಾದರೆ ಅಕ್ಯುಪಂಕ್ಚರ್ ಮಾಡಿಸಿ ನೋಡಿ" ಅಂದರು. ಸ್ವೀಡನ್ನಿನವರು 1999ರಲ್ಲಿ ಇಂಥದೇ ತೊಂದರೆಯ ಏಳು ಗಂಡಸರಿಗೆ ಸೂಜಿ ಚುಚ್ಚಿ, ಸೆಕೆ ಇಳಿಯಿತೆಂದು ಬರೆದಿದ್ದರು. ಏಳು ಜನವೆಂದರೆ ನಮ್ಮ ಮದುವೆಮನೆಗಳಲ್ಲಿ ಒಂದು ಪಂಕ್ತಿಯೂ ಆಗದು. ಸುಳ್ಳು ಸೂಜಿಯ ಜೊತೆ ಹೋಲಿಸಿಯೂ ನೋಡಿರಲಿಲ್ಲ. ಚಿಕ್ಕಪ್ಪನಿಗೆ ಅಷ್ಟೇ ಸಾಕಾಗಿತ್ತು.

ಅಕ್ಯುಪಂಕ್ಚರ್ ಕ್ಲಿನಿಕ್ಕಿನ ವೈದ್ಯೆ ಚಿಕ್ಕಪ್ಪನದೇ ನಾಲ್ಕು ಬೆರಳನ್ನು ಕಾಲಿನ ಒಳಗಿಣ್ಣಿನ ಮೇಲಿಟ್ಟು ಅಳೆದು, ಕೂದಲೆಳೆಯಂಥ ಸೂಜಿ ಇಳಿಸಿದರು. ಮಣಿಕಟ್ಟಿಗೂ ಒಂದು. ಮಿಸುಕದೆ ಮಲಗಿರಿ ಅಂದರೆ ನಿವೃತ್ತ ಹೆಡ್‌ಮಾಸ್ಟರರಾದ ಚಿಕ್ಕಪ್ಪನ ಬಾಯಿ ಸುಮ್ಮನಿದ್ದೀತೇ? 1938ರಲ್ಲಿ ಡಾಕ್ಟರ್ ಕೋಟ್ನಿಸರ ಜೊತೆ ಚೀನಾಕ್ಕೆ ಹೋದ ಬಿಜಯ್ ಕುಮಾರ್ ಬಸು ಅವರೇ ಮುಂದೆ ಈ ವಿದ್ಯೆಯನ್ನು ಕಲ್ಕತ್ತಕ್ಕೆ ತಂದರೆಂದು ಸೂಜಿ ಸಮೇತ ಪಾಠ ಮಾಡಿದರು. ವೈದ್ಯೆ ಹ್ಞೂಂಗುಟ್ಟುತ್ತ ಕೇಳಿದರು. ಮನೆಯಲ್ಲಿ ಯಾರೂ ಅಷ್ಟು ಹೊತ್ತು ಕೇಳಿಸಿಕೊಂಡದ್ದಿಲ್ಲ.

ಕೆಲವು ವಾರಗಳಲ್ಲಿ ರಾತ್ರಿಯ ಬೆವರು ತುಸು ಕಡಿಮೆಯಾಯಿತು. ಸೂಜಿಯಿಂದಲೋ, ಕೇಳುವ ಕಿವಿ ಸಿಕ್ಕಿದ್ದರಿಂದಲೋ, ನನಗೂ ಅನುಮಾನವೇ.

ಒಂದು ದಿನ ಚಿಕ್ಕಮ್ಮನೂ ಜೊತೆಗೆ ಬಂದಿದ್ದರು. ಮಲಗಿದ್ದಲ್ಲಿಂದಲೇ ಚಿಕ್ಕಪ್ಪ ಕೇಳಿದರು:

"ಮುಟ್ಟು ನಿಲ್ಲೋ ಕಾಲಕ್ಕೆ ನಿನಗೂ ಹಿಂಗೇ ಆಗ್ತಿತ್ತೇನೇ?"

"ಹ್ಞೂಂ ಮತ್ತೆ."

"ಹೇಳಬಾರದಿತ್ತೇ?"

"ಹೇಳಿದ್ದೆ. ಈ ವಯಸ್ಸಿಗೆ ಎಂಥ ನಖರಾ ಅಂದ್ರಿ."

ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಸೂಜಿ ತೆಗೆಸಿಕೊಂಡು ಎದ್ದವರು "ಮುಂದಿನ ವಾರದಿಂದ ಇವಳಿಗೂ ಚುಚ್ಚಿಬಿಡಿ" ಅಂದರು.

"ನಂದು ಮುಗಿದು ಎಷ್ಟೋ ವರ್ಷ ಆಯ್ತು, ಸುಮ್ನಿರಿ" ಎಂದು ಚಿಕ್ಕಮ್ಮ ಗದರಿದರು. ಆದರೂ ಹೊರಡುವಾಗ, ಮಂಡಿನೋವಿಗೆ ಎಷ್ಟು ತಗೋತೀರಿ ಎಂದು ವೈದ್ಯೆಯನ್ನು ವಿಚಾರಿಸಿಕೊಂಡೇ ಬಂದರು.