ಗುಂಡಿಗಾಗಿ ಗುಂಡಿ ತೋಡಿದ ಕಥೆ

ನಿಮ್ಮ ಮನೆಯಲ್ಲೂ ಒಂದು ಗುಂಡಿಯ ಡಬ್ಬಿ ಇದ್ದೇ ಇರುತ್ತದೆ, ಅಲ್ಲವೇ? ಹಳೆಯ ಶರಟು ಒರೆಸುವ ಬಟ್ಟೆಯಾಗುವ ಮೊದಲು ಅದರ ಗುಂಡಿಗಳನ್ನೆಲ್ಲ ಕಿತ್ತು ಹಾಕಿಡುವ ಬಿಸ್ಕತ್ತಿನ ಡಬ್ಬಿ. ಆರ್.ಟಿ. ನಗರದ ನಮ್ಮ ಮನೆಯಲ್ಲೂ ಅಂಥದ್ದೊಂದಿದೆ. ಅದರಲ್ಲಿ ಒಂದೇ ಒಂದು ಹಿತ್ತಾಳೆ ಗುಂಡಿ. ಅದು ನಮ್ಮಮ್ಮನ ತಂದೆಯದು. ತಾತ ಮೈಸೂರು ಲ್ಯಾನ್ಸರ್ಸ್ ಎಂಬ ಮಹಾರಾಜರ ಕುದುರೆ ಪಡೆಯಲ್ಲಿ ಸವಾರರಾಗಿದ್ದವರು. ಗುಂಡಿಯ ಮೇಲೆ ಗಂಡಭೇರುಂಡ, ಅಂದರೆ ಎರಡು ತಲೆಯ ಹಕ್ಕಿ, ಎದ್ದು ಕಾಣುತ್ತಿತ್ತು. 'ಕಾಣುತ್ತಿತ್ತು' ಅಂತ ಯಾಕೆ ಅಂದೆ ಗೊತ್ತೇ? ಈಗ ಕಾಣೋದಿಲ್ಲ.

ಅದಕ್ಕೆ ಕಾರಣ ನಾನೇ. ಮದುವೆಯಾದ ಹೊಸದರಲ್ಲಿ ಅಮ್ಮ ಆ ಗುಂಡಿಯನ್ನು ನನ್ನ ಕೈಗಿಟ್ಟಿದ್ದಳು. ಗೌರಿ ಹಬ್ಬ, ದೀಪಾವಳಿ ಬಂತೆಂದರೆ ದೀಪದ ಕಂಬಗಳ ಜೊತೆಗೆ ಅದಕ್ಕೂ ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ಗಸಗಸ ಉಜ್ಜುತ್ತಿದ್ದೆ. ಬಂಗಾರದ ಹಾಗೆ ಹೊಳೆಯುತ್ತಿತ್ತು. ಒಂದು ವರ್ಷ ನೋಡಿದರೆ ಹಕ್ಕಿಯೇ ಹಾರಿಹೋಗಿದೆ! ಒಂದು ರೆಕ್ಕೆಯ ಅಂಚು ಮಾತ್ರ ಉಳಿದಿದೆ. ಅಮ್ಮನಿಗೆ ತೋರಿಸಿದೆ. ಅವಳು ಬೆರಳಿಂದ ಸವರಿ ನೋಡಿ, ಮಾತಾಡದೆ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಳೆದ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಓದುತ್ತಿರುವ ನಮ್ಮಣ್ಣನ ಮಗ ರಜಕ್ಕೆ ಬಂದ. ಜೊತೆಗೆ ಒಂದು ಯಂತ್ರ ತಂದಿದ್ದ, ಮೆಟಲ್ ಡಿಟೆಕ್ಟರ್. ಉದ್ದನೆಯ ಕೋಲು, ತುದಿಯಲ್ಲಿ ದೋಸೆ ಕಾವಲಿಯಂಥ ತಟ್ಟೆ. ತಟ್ಟೆಯೊಳಗೆ ತಂತಿಯ ಸುರುಳಿಯಿದ್ದು, ಅದರಲ್ಲಿ ವಿದ್ಯುತ್ತು ಹರಿದಾಗ ಕಾಂತಶಕ್ತಿ ನೆಲದೊಳಕ್ಕೆ ಇಳಿಯುತ್ತದಂತೆ. ಅಲ್ಲಿ ಲೋಹವಿದ್ದರೆ ಯಂತ್ರ ಕೀ ಅಂತ ಕೂಗುತ್ತದೆ. ಆ ದೇಶದಲ್ಲಿ ಹೊಲದ ಯಜಮಾನನ ಒಪ್ಪಿಗೆ ಪಡೆದು, ರಜಾ ದಿನಗಳಲ್ಲಿ ಹಳೆಯ ನಾಣ್ಯ, ಸಿಪಾಯಿಗಳ ಗುಂಡಿ ಹುಡುಕುವುದೇ ಎಷ್ಟೋ ಜನರ ಹವ್ಯಾಸವಂತೆ.

"ಅತ್ತೆ, ಬೆಂಗಳೂರಿಗೆ ಕಂಟೋನ್ಮೆಂಟ್ ಬಂದದ್ದು 1809ರಲ್ಲಿ. ಈ ಮಣ್ಣಲ್ಲಿ ಎಷ್ಟು ಗುಂಡಿ ಬಿದ್ದಿರಬೇಡ! ನಿಮ್ಮ ಗುಂಡಿಗೆ ಜೊತೆ ಹುಡುಕಿ ಕೊಡ್ತೀನಿ ಬನ್ನಿ" ಅಂದ. ಹಕ್ಕಿ ಮರಳಿ ಬರುವುದಾದರೆ ಯಾರಿಗೆ ಬೇಡ? ನಾನೂ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

ನಮ್ಮ ಮನೆಯಿಂದ ಟಿ.ವಿ. ಟವರ್ ದಾಟಿ ಜೆ.ಸಿ. ನಗರಕ್ಕೆ ಆಟೋದಲ್ಲಿ ಎಷ್ಟು ಹೊತ್ತಿನ ದಾರಿ? ಜೆ.ಸಿ. ನಗರ ಅಂದರೆ ಜಯಚಾಮರಾಜೇಂದ್ರ ನಗರ. ಅಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ತೀನ್ ಕಡೆ ಹೋಗಿ ಮಡಿದ ನಮ್ಮ ಸವಾರರ ನೆನಪಿಗೆ ನಿಲ್ಲಿಸಿದ ಕಲ್ಲು. ಬಸ್ಸಿನಲ್ಲಿ ಹೋಗುವಾಗ ಸಾವಿರ ಸಲ ನೋಡಿದ್ದೇನೆ, ಇಳಿದು ನಿಂತದ್ದು ಅಂದೇ ಮೊದಲು.

1918ನೇ ಇಸವಿ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಹೈಫಾ ಊರನ್ನು ತುರ್ಕರಿಂದ ಗೆದ್ದರು. ಎದುರಿಗೆ ಫಿರಂಗಿ, ಮೆಷಿನ್ ಗನ್ನು. ಇವರ ಕೈಯಲ್ಲಿ ಭರ್ಜಿ, ಕತ್ತಿ. ಜೋಧಪುರದವರು ಊರಿನೊಳಕ್ಕೆ ನುಗ್ಗಿದರೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಸಂಜೆಯ ಹೊತ್ತಿಗೆ 1,350 ಜನ ಸೆರೆಯಾಗಿದ್ದರು, 17 ಫಿರಂಗಿ ಕೈವಶವಾಗಿದ್ದವು. ದಿಲ್ಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನವರ ಹೆಸರಿನದು. ಉಳಿದೆರಡು ಜೋಧಪುರ, ಹೈದರಾಬಾದಿನವು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ನಮ್ಮ ತಾತ ಸೇರಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ, 1941ರಲ್ಲಿ. 1953ರಲ್ಲಿ ಸಂಸ್ಥಾನಗಳ ಕುದುರೆ ಪಡೆಗಳನ್ನು ಕೂಡಿಸಿ ಭಾರತ ಸೈನ್ಯದ 61ನೇ ಕ್ಯಾವಲ್ರಿ ಮಾಡಿದಾಗ ತಾತ ಮನೆಗೆ ಬಂದರು.

ಹುಡುಗ ಅಲ್ಲೇ ಯಂತ್ರ ಬಿಚ್ಚಲು ಹೊರಟ. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, ನೋಡಿದರೆ ನಿವೃತ್ತ ಸಿಪಾಯಿಯಂತಿದ್ದರು, "ಏನಪ್ಪಾ, ಸತ್ತವರ ನೆನಪಿನ ಜಾಗದಲ್ಲಿ ಗುಂಡಿಗಾಗಿ ಗುಂಡಿ ತೋಡ್ತೀಯಾ?" ಅಂದರು. ನನ್ನ ಮುಖ ಕೆಂಪಾಯಿತು. ಯಂತ್ರವನ್ನು ಚೀಲಕ್ಕೆ ಹಾಕಿಸಿ ಹೊರಟುಬಂದೆವು.

ಮನೆಗೆ ಬಂದು ನಮ್ಮವರನ್ನು ಕೇಳಿದಾಗ ತಿಳಿಯಿತು, ಕಾನೂನೂ ಅದನ್ನೇ ಹೇಳುತ್ತದಂತೆ. 1958ರ ಕಾಯಿದೆಯ ಪ್ರಕಾರ ಸಂರಕ್ಷಿತ ಸ್ಥಳಗಳಲ್ಲಿ ಅಪ್ಪಣೆಯಿಲ್ಲದೆ ಅಗೆಯುವ ಹಾಗಿಲ್ಲ. ನೆಲದಲ್ಲಿ ನಿಧಿ ಸಿಕ್ಕರೆ, ಅದು ಸ್ವಂತ ಹಿತ್ತಲೇ ಆಗಲಿ, ಸರ್ಕಾರಕ್ಕೆ ತಿಳಿಸಬೇಕು. ಇಡೀ ದೇಶಕ್ಕೆ 1878ರ ಕಾಯಿದೆ, ನಮ್ಮ ಕರ್ನಾಟಕಕ್ಕೆ 1962ರದ್ದು. ಸುಮ್ಮನೆ ಮಾಡಿದ ಕಟ್ಟುಪಾಡಲ್ಲ ಇದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಪಾಳು ಬಾವಿಯಿಂದ ಪುರಾತತ್ವ ಇಲಾಖೆಯವರು ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ತೆಗೆದರಲ್ಲ, ಅವೆಲ್ಲ ಒಂದೇ ಬಾವಿಯಲ್ಲಿ ಒಟ್ಟಿಗಿದ್ದದ್ದರಿಂದಲೇ ತುಂಬಿಟ್ಟ ಶಸ್ತ್ರಾಸ್ತ್ರ ಅಂತ ತಿಳಿದದ್ದು. ಒಬ್ಬೊಬ್ಬರು ಒಂದೊಂದು ಎತ್ತಿಕೊಂಡು ಹೋಗಿದ್ದರೆ ಬರೀ ತುಕ್ಕು ಹಿಡಿದ ಕೊಳವೆ! ವಸ್ತುವಿಗೆ ಅದು ಬಿದ್ದ ಜಾಗವೇ ಬಾಯಿ.

ಹುಡುಗನ ಮುಖ ಸಪ್ಪಗಾದದ್ದು ನೋಡಲಾರದೆ ಮಾರನೆಯ ದಿನ ಮುನಿರೆಡ್ಡಿಪಾಳ್ಯದ ಅಮ್ಮನ ಮನೆಗೆ ಕರೆದೊಯ್ದೆ. ತಾತ ಇದ್ದ ಮನೆ. ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ, ಒಗೆಯುವ ಕಲ್ಲು, ಅಷ್ಟೇ. ಯಂತ್ರ ಕೂಗಿದ್ದೇ ಕೂಗಿದ್ದು! ಸೋಡಾ ಮುಚ್ಚಳ, ಮೊಳೆ, ಬಾಗಿಲ ಚಿಲಕದ ತುಂಡು, ನಾನು ಚಿಕ್ಕಂದಿನಲ್ಲಿ ಕಳೆದು ಅಮ್ಮನ ಕೈಲಿ ಏಟು ತಿಂದ ಒಂದು ಚಮಚ. ಗುಂಡಿ ಮಾತ್ರ ಇಲ್ಲ. ಕೊನೆಗೆ ಒಗೆಯುವ ಕಲ್ಲಿನ ಪಕ್ಕ, ಒಂದು ಗೇಣು ಆಳದಲ್ಲಿ, ಹಸಿರುಗಟ್ಟಿದ ಹಿತ್ತಾಳೆಯ ಪಟ್ಟಿಯೊಂದು ಸಿಕ್ಕಿತು. ನಡುವೆ ಉದ್ದಕ್ಕೆ ಸೀಳು. ಏನೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

ಅಮ್ಮ ಅದನ್ನು ನೋಡಿದವಳೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಇದು ನಮ್ಮಪ್ಪನದು ಕಣೇ. ಗುಂಡಿಗಳನ್ನ ಈ ಸೀಳಿಗೆ ಸಿಕ್ಕಿಸಿ ಉಜ್ಜೋರು, ಪಾಲಿಷು ಬಟ್ಟೆಗೆ ತಾಗಬಾರದು ಅಂತ. ನಾನಾಗ ನಾಲ್ಕೈದು ವರ್ಷದ ಮಗು, ಈ ಕಲ್ಲಿನ ಮೇಲೆ ಕೂತು ನೋಡ್ತಿದ್ದೆ. ದಿನಾ ಬೆಳಿಗ್ಗೆ ಉಜ್ಜೋರು."

"ದಿನಾನಾ?" ಅಂದೆ.

"ದಿನಾ. ನಿನ್ನ ಕೈಗೆ ಬರೋ ಹೊತ್ತಿಗೆ ಹಕ್ಕಿ ಅರ್ಧ ಸವೆದೇ ಇತ್ತು. ನೀನೊಬ್ಬಳೇ ಸವೆಸಿದ್ದಲ್ಲ ಬಿಡು."

ಇಪ್ಪತ್ತು ವರ್ಷ ಎದೆಯ ಮೇಲೆ ಹೊತ್ತ ಕಲ್ಲು ಇಳಿದ ಹಾಗಾಯಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, "ನೀನೆಲ್ಲಿ ಕೇಳಿದೆ?" ಅಂದಳು. ನಿಜ, ನಾನು ಕೇಳಿರಲೇ ಇಲ್ಲ.

ಹುಡುಗ ತೋಡಿದ್ದನ್ನೆಲ್ಲ ಮುಚ್ಚಿ, ಪಟ್ಟಿ ಸಿಕ್ಕ ಜಾಗದ ಚಿತ್ರ ಬರೆದು ಅಳತೆ ಹಾಕಿ ಕೊಟ್ಟ. ಅದನ್ನೂ ಅಮ್ಮ ಹೇಳಿದ್ದನ್ನೂ ಒಂದು ಹಾಳೆಯಲ್ಲಿ ಬರೆದು ಡಬ್ಬಿಯೊಳಗಿಟ್ಟಿದ್ದೇನೆ.

ಆದ್ದರಿಂದ ಓದುಗ ಸೋದರಿಯರೇ, ನಿಮ್ಮ ಮನೆಯಲ್ಲಿ ಹಳೆಯ ಸಮವಸ್ತ್ರದ ಗುಂಡಿಯಿದ್ದರೆ ಹುಣಸೆಹಣ್ಣು, ಬೂದಿ, ರಂಗೋಲಿ ಪುಡಿ ಯಾವುದನ್ನೂ ತಾಗಿಸಬೇಡಿ. ಒಣಗಿದ ಮೆತ್ತನೆಯ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಕಪ್ಪಾಗಿದ್ದರೆ ಇರಲಿ. ತಿರುಗಿಸಿ ಬೆನ್ನು ನೋಡಿ, ಕೆಲವದರಲ್ಲಿ ಲಂಡನ್ನಿನದೋ ಬರ್ಮಿಂಗ್‌ಹ್ಯಾಮಿನದೋ ತಯಾರಕರ ಹೆಸರಿರುತ್ತದೆ. ಕಾಲ ಗೊತ್ತು ಮಾಡಲು ಅದೇ ಆಧಾರ. ಯಾರದು, ಯಾವ ಪಡೆ, ಎಲ್ಲಿ ಸಿಕ್ಕಿತು ಅಂತ ಚೀಟಿ ಬರೆದು ಜೊತೆಗಿಡಿ.

ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರ ಕೈಗೆ ಅದನ್ನು ಕೊಟ್ಟು ಪಕ್ಕದಲ್ಲಿ ಕೂತು ಕೇಳಿ. ನೆಲ ಅಗೆಯುವುದು ಆಮೇಲಾಯಿತು.