ಒಂದೇ ಮಳೆ, ನಾಲ್ಕು ತಾಲ್ಲೂಕು

ಮೇ 11ರ ಹೊತ್ತಿಗೆ ಭರಣಿ ಮಳೆ ಮುಗಿದು ಕೃತ್ತಿಕೆ ಹುಟ್ಟುತ್ತದೆ, 25ರ ಹೊತ್ತಿಗೆ ರೋಹಿಣಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಬೇಸಿಗೆಯ ಕೊನೆಯನ್ನು ಎಣಿಸುವುದು ಹೀಗೆ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಗೆ ಈ ತಾರೀಖುಗಳು ಬಾಯಿಪಾಠ. ಯುಗಾದಿ, ದೀಪಾವಳಿ ಪ್ರತಿವರ್ಷ ಹಿಂದೆ ಮುಂದೆ ಆಗುತ್ತವೆ, ಮಳೆ ನಕ್ಷತ್ರ ಮಾತ್ರ ಏಕೆ ಅದೇ ತಾರೀಖಿಗೆ ಬರುತ್ತದೆ? ಹಬ್ಬಗಳಿಗೆ ಚಂದ್ರನ ಲೆಕ್ಕ, ಮಳೆಗೆ ಸೂರ್ಯನ ಲೆಕ್ಕ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. 365ನ್ನು 27ರಿಂದ ಭಾಗಿಸಿ ನೋಡಿ, ಒಂದೊಂದಕ್ಕೆ ಹದಿಮೂರೂವರೆ ದಿನ ಬೀಳುತ್ತದೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಈ ನಾಲ್ಕೂ ಊರುಗಳ ಶಾಖೆಗಳಲ್ಲಿ ಸರದಿಯಂತೆ ಕೌಂಟರಿನ ಹಿಂದೆ ಕೂತಿದ್ದೇನೆ. ಮೇ ತಿಂಗಳಲ್ಲಿ ಕೌಂಟರಿನ ಮುಂದೆ ನಿಂತವರ ಮಾತೆಲ್ಲ ಮಳೆಯದೇ. ಆದರೆ ಎಲ್ಲರೂ ಒಂದೇ ಮಳೆಯನ್ನು ಕೇಳುತ್ತಿರಲಿಲ್ಲ. ಒಬ್ಬರಿಗೆ ಇವತ್ತೇ ಬರಬೇಕು, ಇನ್ನೊಬ್ಬರಿಗೆ ಎಂಟು ದಿನ ತಡೆದು ಬರಬೇಕು, ಮತ್ತೊಬ್ಬರಿಗೆ ಬಂದರೂ ಗಾಳಿ ಇಲ್ಲದೆ ಬರಬೇಕು. ಪಾಪ, ಮಳೆರಾಯ ಯಾರ ಅರ್ಜಿಗೆ ಸಹಿ ಹಾಕಬೇಕು!

ಮೊದಲು ಬಿಸಿಲಿನ ಮಾತು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ರಾಮನಗರ ಸುಮಾರು 750 ಮೀಟರ್. ಒಂದು ಕಿಲೋಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು ಎಂಬ ಲೆಕ್ಕದಲ್ಲಿ ರಾಮನಗರದ ಪಾಲಿಗೆ ಒಂದು ಡಿಗ್ರಿ ಹೆಚ್ಚು ಬಿಸಿ. ಮಾಗಡಿ ಬೆಂಗಳೂರಿನಷ್ಟೇ ಎತ್ತರ, ಕನಕಪುರ ರಾಮನಗರಕ್ಕಿಂತಲೂ ಕೆಳಗೆ. ಜೊತೆಗೆ ರಾಮನಗರದ ಸುತ್ತ ಬೆಟ್ಟದಂಥ ಬಂಡೆಗಳು. 1975ರ 'ಶೋಲೆ' ಸಿನಿಮಾದಲ್ಲಿ ಗಬ್ಬರ್ ಸಿಂಗ್ ಕೂತದ್ದು ಈ ಬಂಡೆಗಳ ಮೇಲೇ ಎಂದು ಅಜ್ಜಂದಿರು ಹೇಳಿಯೇ ಇರುತ್ತಾರೆ. ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಿಂದ ಊರಿಗೆ ಮೊದಲು ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಹಗಲೆಲ್ಲ ಕಾದ ಬಂಡೆ ರಾತ್ರಿ ನಿಧಾನವಾಗಿ ಬಿಸಿ ಬಿಡುತ್ತದೆ. ಮೇ ತಿಂಗಳಲ್ಲಿ ರಾತ್ರಿ ಎಂಟಕ್ಕೆ ಬಂಡೆ ಮುಟ್ಟಿ ನೋಡಿ, ಆಗತಾನೆ ಒಲೆಯಿಂದ ಇಳಿಸಿದ ಹೆಂಚಿನ ನೆನಪಾಗುತ್ತದೆ.

ಮಳೆ ಬರುವ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿರುತ್ತದೆ. ಹನ್ನೊಂದಕ್ಕೆ ಧಗೆ ಏರಿ, ಮೂರರ ಹೊತ್ತಿಗೆ ಹತ್ತಿಯ ರಾಶಿಯಂಥ ಮೋಡ, ನಾಲ್ಕೂವರೆಗೆ ಧೂಳಿನ ಗಾಳಿ, ಐದಕ್ಕೆ ದಪ್ಪ ಹನಿ. ಕಾದ ನೆಲದ ಗಾಳಿ ತೇವ ಹೊತ್ತು ರಭಸದಿಂದ ಮೇಲಕ್ಕೆ ಹೋಗುವುದರಿಂದ ಇದು ಸಂಜೆಯ ಮಳೆ. ಆ ರಭಸ ಜೋರಾಗಿದ್ದರೆ ಹನಿಗಳು ತೀರಾ ಮೇಲೆ ಹೋಗಿ ಹೆಪ್ಪುಗಟ್ಟಿ ಆಲಿಕಲ್ಲಾಗಿ ಬೀಳುತ್ತವೆ. ಮೊದಲ ಹನಿಗೆ ಏಳುವ ಮಣ್ಣಿನ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕಾರ್ ಎಂದು ಹೆಸರಿಟ್ಟರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಎಂಬ ವಸ್ತುವಿನ ಪಾಲು ಅದರಲ್ಲಿ ದೊಡ್ಡದು. ನಮ್ಮ ಅಜ್ಜಿ ಯಾವ ಹೆಸರೂ ಇಡದೆ, "ಎಲ್ಲೋ ಮಳೆ ಬಿದ್ದಿದೆ, ಬಟ್ಟೆ ತೆಗೀರಿ" ಎನ್ನುತ್ತಿದ್ದರು.

ಆಲಿಕಲ್ಲು ನಿಮಗೆ ಆಟ. ಮಾವಿನ ತೋಟದವರಿಗೆ ಅದು ಎದೆ ಮೇಲೆ ಬಿದ್ದ ಕಲ್ಲು. ರಾಮನಗರ, ಚನ್ನಪಟ್ಟಣದ ಮಾವು ಶ್ರೀನಿವಾಸಪುರದ ಮಾವಿಗಿಂತ ಮೊದಲೇ ಮಾರುಕಟ್ಟೆಗೆ ಬರುತ್ತದೆ. ಬಾದಾಮಿ, ರಸಪುರಿ, ಸೇಂದೂರ ಎಲ್ಲ ಮೇ ತಿಂಗಳಲ್ಲಿ ಮರದಲ್ಲೇ ತೂಗುತ್ತಿರುತ್ತವೆ. ಹಲವು ರೈತರು ಹೂ ಬಿಟ್ಟಾಗಲೇ ತೋಟವನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರ ಸಾಲ ತಂದು ಮುಂಗಡ ಕೊಟ್ಟಿರುತ್ತಾನೆ. ಅರ್ಧ ಗಂಟೆ ಗಾಳಿ ಬೀಸಿದರೆ ಸಾಕು, ಬಲಿತ ಕಾಯಿ ನೆಲದ ಮೇಲೆ. ಆಲಿಕಲ್ಲು ತಾಗಿದ ಕಾಯಿ ಮರದಲ್ಲೇ ಉಳಿದರೂ ತಾಗಿದ ಜಾಗ ಕಪ್ಪಾಗಿ ಕೊಳೆಯುತ್ತದೆ. ಅಂಥ ಮಳೆಯ ಮರುದಿನ ರಸ್ತೆ ಬದಿಯಲ್ಲಿ ಮಾವಿನಕಾಯಿ ಅಗ್ಗವಾಗಿ ಸಿಗುತ್ತದೆ. ನಾವು ಖುಷಿಯಿಂದ ಚೀಲ ತುಂಬಿಸುತ್ತೇವೆ. ಅಗ್ಗ ಏಕಾಯಿತು ಎಂದು ಮಾರುವವರ ಮುಖ ನೋಡಿದರೆ ತಿಳಿಯುತ್ತದೆ.

ಅದೇ ಮಳೆ ಪಕ್ಕದ ಹಿಪ್ಪುನೇರಳೆ ಹೊಲಕ್ಕೆ ಅಮೃತ. ಕಡ್ಡಿಯಾಗಿ ನಿಂತ ಗಿಡ ವಾರದಲ್ಲಿ ಚಿಗುರುತ್ತದೆ. ಆದರೆ ರೇಷ್ಮೆ ಹುಳು ಬಲು ನಾಜೂಕಿನ ಅತಿಥಿ. ಒದ್ದೆ ಸೊಪ್ಪು ಹಾಕಬಾರದು, ಬಿಸಿ ಹೆಚ್ಚಾದರೆ ಹಾಲುತೊಂಡೆ ರೋಗ, ತೇವ ಹೆಚ್ಚಾದರೆ ಸುಣ್ಣಕಟ್ಟು. ಮಧ್ಯಾಹ್ನ ಕಿಟಕಿಗೆ ಒದ್ದೆ ಗೋಣಿ ತೂಗು ಹಾಕಿದವರೇ ಸಂಜೆ ಮಳೆ ಬಂದರೆ ಅದನ್ನು ಕಿತ್ತೆಸೆದು ಸೊಪ್ಪು ಒಣಗಿಸಲು ಓಡುತ್ತಾರೆ. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟಲು ಸುಮಾರು 25 ದಿನ. ಅಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಇದನ್ನು ಜ್ವರ ಎನ್ನುತ್ತಾರೆ. 'ಮೂರನೇ ಜ್ವರದಿಂದ ಎದ್ದಿವೆ' ಎಂದು ಮೊದಲ ಸಲ ಕೇಳಿದಾಗ ಮನೆಯ ಮಕ್ಕಳ ಮಾತು ಎಂದುಕೊಂಡು, "ಡಾಕ್ಟರಿಗೆ ತೋರಿಸಿದಿರಾ?" ಎಂದಿದ್ದೆ. ಶಾಖೆಯೆಲ್ಲ ನಕ್ಕಿತು. ನಾಲ್ಕನೇ ಜ್ವರ ಕಳೆದ ಹುಳುಗಳ ಮನೆಗೆ ರಾತ್ರಿ ಹೋಗಿ ಕಣ್ಣು ಮುಚ್ಚಿ ನಿಲ್ಲಿ. ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು ಹೊರಗೆ ಸೋನೆ ಮಳೆ ಹಿಡಿದಂತೆಯೇ ಕೇಳುತ್ತದೆ.

ಚನ್ನಪಟ್ಟಣದ ಬೊಂಬೆಯವರಿಗೆ ಬಿಸಿಲೇ ಬೇಕು. ಬೊಂಬೆಗೆ ಬಳಸುವ ಆಲೆ ಮರದ ತುಂಡುಗಳನ್ನು ಚೆನ್ನಾಗಿ ಒಣಗಿಸದಿದ್ದರೆ ಬೊಂಬೆ ಆಮೇಲೆ ಬಿರಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮನೆಮುಂದೆ ಮರದ ಅಟ್ಟಿ. ಒಳಗೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಅಂಟುತ್ತದೆ, ಆಮೇಲೆ ಗರಿ ಒತ್ತಿ ಹೊಳಪು ಕೊಡುತ್ತಾರೆ. ಗುಡುಗಿದ ಕೂಡಲೇ ಯಂತ್ರ ನಿಲ್ಲಿಸಿ ಎಲ್ಲರೂ ಹೊರಗೆ, ಟಾರ್ಪಾಲಿನ್ ಹೊದಿಸಲು.

ನಮ್ಮ ಮನೆಯಲ್ಲೂ ಇದೇ ಓಟ. ಅಲ್ಲಿ ಮರ, ಇಲ್ಲಿ ತಾರಸಿಯ ಮೇಲೆ ಅರಳಿನ ಸಂಡಿಗೆ. ಮೊಮ್ಮಗಳು ಮೊಬೈಲು ನೋಡಿ "ಇವತ್ತು ಮಳೆ ಇಲ್ಲ" ಎನ್ನುತ್ತಾಳೆ. ನನ್ನ ಹೆಂಡತಿ ಇರುವೆಗಳು ಮೊಟ್ಟೆ ಹೊತ್ತು ಗೋಡೆ ಹತ್ತುವುದನ್ನು ನೋಡಿ ಸಂಡಿಗೆ ಎತ್ತುತ್ತಾಳೆ. ಕಳೆದ ಬೇಸಿಗೆಯ ಅಂಕ ಇರುವೆಗೆ ಏಳು, ಮೊಬೈಲಿಗೆ ಐದು. ಮಧ್ಯಾಹ್ನಕ್ಕೆ ಅಂಬಲಿ. ಎರಡು ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಎರಡು ಲೋಟ ಕುದಿಯುವ ನೀರಿಗೆ ಸುರಿದು ಕೈಯಾಡಿಸಿ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಕರಿಬೇವು. ಒಲೆಯ ಕೆಲಸ ಮಾತ್ರ ದೊಡ್ಡವರಿಗಿರಲಿ. ರಾತ್ರಿ ಮುದ್ದೆಗೆ ಹಲಸಿನ ಬೀಜದ ಸಾರು.

ಹಲಸು ಎಂದಾಗ ಕನಕಪುರ ನೆನಪಾಯಿತು. ಅಲ್ಲಿ ಹಣ್ಣಿನ ವಾಸನೆ ನಮಗಿಂತ ಮೊದಲು ಆನೆಗೆ ತಿಳಿಯುತ್ತದೆ! ಒಂದು ಕಡೆ ಬನ್ನೇರುಘಟ್ಟದ ಕಾಡು, ಇನ್ನೊಂದು ಕಡೆ ಕಾವೇರಿ ವನ್ಯಧಾಮ. ಬೇಸಿಗೆಯ ಕೊನೆಗೆ ಕಾಡಿನ ಗುಂಡಿಗಳು ಬತ್ತುತ್ತವೆ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುವ ಹೊತ್ತಿಗೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿರುತ್ತದೆ. ಕಾಡಂಚಿನ ಹಳ್ಳಿಯವರು ಹಲಸನ್ನು ಹಣ್ಣಾಗುವ ಮೊದಲೇ ಇಳಿಸಿಬಿಡುತ್ತಾರೆ. ಒಳ್ಳೆಯ ಮಳೆ ಬಿದ್ದು ಕಾಡಿನಲ್ಲೇ ನೀರು ನಿಂತರೆ ಆನೆಗೂ ನೆಮ್ಮದಿ, ರಾತ್ರಿ ಕಾವಲಿಗೆ ಕೂರುವ ರೈತರಿಗೂ ನಿದ್ದೆ.

ಮಾಗಡಿಯವರದು ನೇರ ಲೆಕ್ಕ. ಮಳೆ ಬಂದರೆ ಉಳುಮೆ, ಎಳ್ಳು, ಅಲಸಂದೆ ಬಿತ್ತನೆ, ಆಮೇಲೆ ರಾಗಿಗೆ ಹದ. ಈ ತಾಲ್ಲೂಕಿನ ಹುಳಿಕಲ್ಲಿನಿಂದ ಕುದೂರಿನ ಕಡೆ ಹೋಗುವ ರಸ್ತೆಯನ್ನು ಬೇಸಿಗೆಯಲ್ಲೇ ನೋಡಬೇಕು. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಬೆಳೆಸಿದ ಆಲದ ಮರಗಳ ಲೆಕ್ಕ 385. ಮೊದಲ ವರ್ಷ ನೆಟ್ಟದ್ದು ಹತ್ತು ಸಸಿ. ಮಳೆಗಾಲದಲ್ಲಿ ನೆಡುವುದು, ದನ ಮೇಯದಂತೆ ಮುಳ್ಳು ಕಟ್ಟುವುದು, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕುವುದು. ಕೂಲಿ ಮಾಡಿ ಬದುಕುತ್ತಿದ್ದವರು ಅವರು. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು, 2025ರ ನವೆಂಬರಿನಲ್ಲಿ ತೀರಿಕೊಂಡರು.

ರಜೆ ಮುಗಿಯುವ ಮೊದಲು ಅಜ್ಜ ಅಜ್ಜಿಯ ಜೊತೆ ಒಂದು ದಿನ ಅಲ್ಲಿಗೆ ಹೋಗಿ ಬನ್ನಿ. ಬುತ್ತಿಗೆ ಮಾವಿನಕಾಯಿ ಚಿತ್ರಾನ್ನ ಸಾಕು. ಮಧ್ಯಾಹ್ನ ಎರಡಕ್ಕೆ ಬಿಸಿಲಿನಿಂದ ಮರದ ಕೆಳಗೆ ಕಾಲಿಟ್ಟು, ಒಂದು ಮರದಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ. ಎರಡು ತುಂಬಿದ ಕೊಡ ಹೊತ್ತು ಅಷ್ಟು ಹೆಜ್ಜೆ ನಡೆಯಲು ಆಗುತ್ತದೆಯೇ ಎಂದು ಮನೆಗೆ ಬಂದು ಹಿತ್ತಲಿನಲ್ಲಿ ನೋಡಿ. ಆ ನೀರನ್ನು ಅಲ್ಲೇ ಯಾವುದಾದರೂ ಗಿಡಕ್ಕೆ ಹಾಕಿಬಿಡಿ. ಸಂಜೆ ಮಳೆ ಬಂದರೆ ಬರಲಿ.