ಚಿಟಿಕೆ ಚರಿತ್ರೆ

ಆತ್ಮಕಥೆ ಎಂದೊಡನೆ ನಮಗೆ ದಪ್ಪ ಪುಸ್ತಕವೇ ಕಣ್ಣೆದುರು ಬರುತ್ತದೆ. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಸಾವಿರ ಪುಟ ದಾಟುತ್ತದೆ. ಮಾಸ್ತಿಯವರ ‘ಭಾವ’ ಮೂರು ಸಂಪುಟ. ಓದುತ್ತ ಕೂತರೆ ಮಳೆಗಾಲದ ಮಧ್ಯಾಹ್ನಗಳು ಸರಿದದ್ದೇ ತಿಳಿಯದು. ಆದರೂ ಈಚೀಚೆಗೆ ನನ್ನ ಮನಸ್ಸು ಎರಡು ಸಾಲಿಗೆ ಮುಗಿದುಹೋಗುವ ಆತ್ಮಕಥೆಗಳ ಕಡೆ ಜಾರುತ್ತಿದೆ. ಅವಕ್ಕೆ ಚಿಟಿಕೆ ಚರಿತ್ರೆ ಎಂದು ಹೆಸರಿಟ್ಟುಕೊಂಡಿದ್ದೇನೆ.

ಅಮೆರಿಕದ ಸ್ಮಿತ್ ಎಂಬ ಪತ್ರಿಕೆ 2006ರಲ್ಲಿ, ಆರೇ ಪದಗಳಲ್ಲಿ ನಿಮ್ಮ ಬದುಕು ಬರೆಯಿರಿ ಎಂದು ಓದುಗರನ್ನು ಕೇಳಿತ್ತು. ಬಂದದ್ದರಲ್ಲಿ ಆಯ್ದವು 2008ರಲ್ಲಿ ಪುಸ್ತಕವೂ ಆದವು. ಆಟ ಚೆನ್ನಾಗಿದೆ. ಆದರೆ ಪದ ಎಣಿಸಿಕೊಂಡು ಕೂತವರ ಮಾತು ಜಾಣತನದ ಕಡೆ ವಾಲಿ, ಚಪ್ಪಾಳೆಗೆ ಕಾಯತೊಡಗುತ್ತದೆ. ನನಗೆ ಹಿಡಿಸುವುದು, ಬರೆದವರಿಗೇ ತಾವು ಬರೆದದ್ದು ಆತ್ಮಕಥೆಯೆಂದು ಗೊತ್ತಿಲ್ಲದ ಬರಹ.

ನಮ್ಮ ಅಡುಗೆಮನೆಯ ಅಟ್ಟದಲ್ಲಿ ಅಂಥವು ಬೇಕಾದಷ್ಟಿವೆ. ಸ್ಟೀಲಿನ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸಿ ತರುವುದು ನಮ್ಮಲ್ಲಿ ರೂಢಿ. ಟಿರ್ರೆಂದು ಸದ್ದು ಮಾಡುವ ಸಣ್ಣ ಮಷೀನು ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತದೆ. ಅಜ್ಜಿಯ ಡಬರಿಯ ಕಂಠದ ಮೇಲೆ ಬೆರಳಾಡಿಸಿದರೆ ಈಗಲೂ ತರಿತರಿ ಹತ್ತುತ್ತದೆ: ಅವಳ ಹೆಸರು, ಊರು, ಇಸವಿ. ತಿಕ್ಕಿ ತಿಕ್ಕಿ ಒಂದೆರಡು ಚುಕ್ಕಿ ಸವೆದಿವೆ, ಅಷ್ಟೆ. ಮನೆ, ಜಮೀನು, ಕರೆಂಟು ಬಿಲ್ಲು ಎಲ್ಲವೂ ಅಜ್ಜನ ಹೆಸರಿನಲ್ಲಿದ್ದವು. ಚೀಟಿ ದುಡ್ಡು ಕೈಗೆ ಬಂದಾಗ ಅಜ್ಜಿ ಕೊಂಡ ಈ ಡಬರಿಯೊಂದು ಅವಳ ಹೆಸರಿನಲ್ಲಿ. ಅಕ್ಕಪಕ್ಕದವರು ಮದುವೆಗೆ, ಮುಂಜಿಗೆ ಎರವಲು ಒಯ್ದರೂ ಆ ಹೆಸರಿನ ದೆಸೆಯಿಂದ ಅದು ತಪ್ಪದೆ ಮನೆಗೆ ಮರಳುತ್ತಿತ್ತು. ಅವಳ ಬಗ್ಗೆ ನೂರು ಪುಟ ಬರೆದರೂ ಈ ಮೂರು ಪದಗಳಷ್ಟು ಗಟ್ಟಿಯಾಗಿ ಅವಳು ಬಂದು ನಿಲ್ಲುವುದಿಲ್ಲ.

ಕಿರಿದರಲ್ಲಿ ಮನುಷ್ಯನನ್ನು ನಿಲ್ಲಿಸುವುದು ಕನ್ನಡಕ್ಕೆ ಹೊಸತೇನೂ ಅಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಒಟ್ಟು ಹತ್ತು ಸಾಲು, ಅದರಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು. ಇನ್ನೊಬ್ಬರು ಅವನನ್ನು ಕುರಿತು ಆಡಿದ ಮಾತು ಅದು, ನಿಜ. ಆದರೂ ಅವನು ಯಾರಿಗೆ ಎಂಥವನಾಗಿದ್ದ ಎಂಬ ಒಂದೇ ಸಂಗತಿಯನ್ನು ಹಿಡಿದುಕೊಂಡು, ಉಳಿದದ್ದನ್ನೆಲ್ಲ ಬಿಟ್ಟ ಆ ಧೈರ್ಯ ನೋಡಿ!

ಇನ್ನು ಅಮ್ಮನ ಗೋಡೆ ಕ್ಯಾಲೆಂಡರು. ಮೊಳೆಗೆ ನೇತುಹಾಕಿದ್ದು, ಪಕ್ಕದಲ್ಲಿ ದಾರ ಕಟ್ಟಿದ ಬಾಲ್‌ಪೆನ್ನು. ‘ಗ್ಯಾಸ್ ಬಂತು.’ ‘ಪೇಪರಿನವನಿಗೆ ಕೊಟ್ಟೆ.’ ಏಕಾದಶಿಯ ಚೌಕದಲ್ಲಿ ತಂಗಿಯ ಜ್ವರ. ಜೂನ್ ತಿಂಗಳ ಒಂದು ಚೌಕದಲ್ಲಿ ಹೀಗಿದೆ: ‘ಪುಟ್ಟಿ ಹಾಸ್ಟೆಲಿಗೆ. ನಾಳೆಯಿಂದ ಹಾಲು ಅರ್ಧ ಲೀಟರ್.’ ಅತ್ತಳೋ ಇಲ್ಲವೋ, ಅದರ ಸುದ್ದಿಯೇ ಇಲ್ಲ. ಹಾಲಿನ ಲೆಕ್ಕ ಮಾತ್ರ. ನಾನು ಓದಿದ ಆತ್ಮಕಥನಗಳಲ್ಲೆಲ್ಲ ನನಗೆ ಬಲು ಪ್ರಿಯವಾದ ಅಧ್ಯಾಯ ಇದೇ.

ನೀವೂ ಬರೆಯಿರಿ. ಹುಟ್ಟಿದ ಊರು, ಪಡೆದ ಪದವಿ ಎಲ್ಲ ಆಮೇಲಾಗಲಿ. ನಿಮ್ಮ ಮನೆಗೆ ಹಾಲು ಹೆಚ್ಚು ಬೇಕಾದದ್ದು ಯಾವತ್ತು, ಸಾಕೆನಿಸಿದ್ದು ಯಾವತ್ತು ಎಂಬಷ್ಟರಿಂದಲೇ ಶುರುಮಾಡಿ. ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿ.